ಗ್ರೂಪ್ ಚದುರಿತು ಅಂತ ಡಬ್ಬಿ ಎಸೆಯಬೇಡಿ: ಏರ್ ರೈಫಲ್ ಪೆಲ್ಲೆಟ್ ಪರೀಕ್ಷೆಯ ದೋಷ ನಿವಾರಣೆ ಕೈಪಿಡಿ

ಏಪ್ರಿಲ್‌ನಲ್ಲಿ ಐದು ಗುಂಡನ್ನೂ ಒಂದೇ ತೂತಿಗೆ ಇಳಿಸುತ್ತಿದ್ದ ಪೆಲ್ಲೆಟ್ ಡಬ್ಬಿ, ಆರಿದ್ರಾ ಮಳೆ ಹಿಡಿದ ಮೇಲೆ ಅದೇ ರೈಫಲಿನಲ್ಲಿ ತೂತನ್ನು ಅಗಲ ಮಾಡಲು ಶುರು ಮಾಡುತ್ತದೆ. ಆಗ ಮೊದಲು ಬೈಗುಳ ತಿನ್ನುವುದು ಪೆಲ್ಲೆಟ್, ಅಂದರೆ ಏರ್ ರೈಫಲಿನ ಪುಟ್ಟ ಸೀಸದ ಗುಂಡು. "ಈ ಲಾಟ್ ಸರಿ ಇಲ್ಲ" ಅಂತ, ಅಂದರೆ ಒಂದೇ ಸಲ ತಯಾರಾದ ಆ ಮಾಲೇ ಕೆಟ್ಟದ್ದು ಅಂತ, ಹೊಸ ಡಬ್ಬಿ ತರಿಸುತ್ತಾರೆ. ಅದರಲ್ಲಿ ಒಂದು ಚಿಕ್ಕ ಗ್ರೂಪ್ (ಒಂದೇ ಗುರಿಗೆ ಹೊಡೆದ ಗುಂಡುಗಳ ತೂತಿನ ಗುಂಪು) ಬಂದರೆ ಸಮಾಧಾನ, ವಾರ ಕಳೆದರೆ ಮತ್ತೆ ಅದೇ ಪಾಡು.

ತೋಟಾವನ್ನು ಕೈಯಲ್ಲೇ ತುಂಬುವವರಿಗೆ ಮದ್ದಿನ ತೂಕ, ಗುಂಡು ಕೂರುವ ಆಳ ಹೀಗೆ ಬದಲಿಸಿ ನೋಡಲು ಹತ್ತು ಸಂಗತಿ ಇರುತ್ತವೆ. 10 ಮೀಟರ್ ಏರ್ ರೈಫಲಿನಲ್ಲಿ ಶೂಟರ್ ಕೈಯಲ್ಲಿ ಉಳಿಯುವುದು ಪೆಲ್ಲೆಟ್ಟಿನ ಆಯ್ಕೆಯೊಂದೇ. ಆದರೆ ಪರೀಕ್ಷೆಯ ಫಲಿತಾಂಶವನ್ನು ತಪ್ಪಾಗಿ ಓದುವ ದಾರಿಗಳು ಎರಡೂ ಕಡೆ ಒಂದೇ. ಇಲ್ಲಿರುವುದು 4.5 ಮಿ.ಮೀ. ಚಪ್ಪಟೆ ತಲೆಯ ಮ್ಯಾಚ್ ಪೆಲ್ಲೆಟ್, ಗಾಳಿ ಸಿಲಿಂಡರಿನ ರೈಫಲ್, ಮತ್ತು ಮಲೆನಾಡಿನ ಶೀತ, ಈ ಮೂರನ್ನೂ ಲೆಕ್ಕಕ್ಕೆ ಹಿಡಿದು ದೋಷ ಹುಡುಕುವ ಕ್ರಮ. ಕಾಗದ, ಎಣಿಕೆ, ಹಿಡಿತ, ಗಾಳಿ, ಬ್ಯಾರಲ್ ಇಷ್ಟನ್ನೂ ದಾಟಿ ಬಂದ ಮೇಲೆ ಪೆಲ್ಲೆಟ್ಟಿನ ಸರದಿ.

ಎಷ್ಟು ಮಿಲಿಮೀಟರಿಗೆ ಎಷ್ಟು ಅಂಕ

ಟಾರ್ಗೆಟ್ಟಿನ ಹತ್ತರ ಚುಕ್ಕೆಯ ವ್ಯಾಸ 0.5 ಮಿ.ಮೀ., ಒಂಬತ್ತರ ವೃತ್ತ 5.5 ಮಿ.ಮೀ. ಅಲ್ಲಿಂದಾಚೆ ಒಂದೊಂದು ವೃತ್ತಕ್ಕೂ 5 ಮಿ.ಮೀ. ಹೆಚ್ಚುತ್ತದೆ. ಗುಂಡಿನ ಅಂಚು ತಾಗಿದರೂ ಅಂಕ ಸಿಗುವುದರಿಂದ, ಗುಂಡಿನ ನಡುಬಿಂದು ಟಾರ್ಗೆಟ್ ನಡುವಿನಿಂದ 2.5 ಮಿ.ಮೀ. ಒಳಗಿದ್ದರೆ ಹತ್ತು. ದಶಮಾಂಶದಲ್ಲಿ ಎಣಿಸುವಾಗ ಹತ್ತರ ಒಳಗೂ ನಡುವಿಗೆ ಸರಿದಂತೆ ಅಂಕ ಏರುತ್ತದೆ, 0.1 ಅಂಕಕ್ಕೆ 0.25 ಮಿ.ಮೀ.

ಈಗ ಒಂದು ಲೆಕ್ಕ. ಸರಾಸರಿ 10.3 ಹೊಡೆಯುವವರ ಗುಂಡು ನಡುವಿನಿಂದ ಹೆಚ್ಚುಕಡಿಮೆ 1.7 ಮಿ.ಮೀ. ದೂರ ಬೀಳುತ್ತಿರುತ್ತದೆ. ಕೈಯ ಚದುರುವಿಕೆ ಮತ್ತು ಪೆಲ್ಲೆಟ್ಟಿನ ಚದುರುವಿಕೆ ನೇರವಾಗಿ ಕೂಡುವುದಿಲ್ಲ, ಅವುಗಳ ವರ್ಗಗಳು ಕೂಡುತ್ತವೆ. ಒಂದು ಡಬ್ಬಿಯ ಸ್ವಂತ ಚದುರುವಿಕೆ ಸರಾಸರಿ 0.4 ಮಿ.ಮೀ., ಇನ್ನೊಂದರದ್ದು 0.6 ಅಂತಿಟ್ಟುಕೊಳ್ಳಿ. ಒಟ್ಟು ದೂರ ಮೊದಲನೆಯದರಲ್ಲಿ 1.75, ಎರಡನೆಯದರಲ್ಲಿ 1.80. 60 ಹೊಡೆತದ ಪಂದ್ಯದಲ್ಲಿ ಇದು ಒಂದೂಕಾಲರಿಂದ ಒಂದೂವರೆ ಅಂಕದ ವ್ಯತ್ಯಾಸ. ಫೈನಲ್‌ಗೆ ಹೋಗುವುದೋ ಮನೆಗೆ ಹೋಗುವುದೋ ನಿರ್ಧಾರವಾಗುವುದು ಇಷ್ಟರಲ್ಲೇ. ಅದೇ ಎರಡು ಡಬ್ಬಿಯನ್ನು ಸರಾಸರಿ 9 ಹೊಡೆಯುವ ಹುಡುಗನಿಗೆ ಕೊಟ್ಟರೆ ಇಡೀ ಪಂದ್ಯದಲ್ಲಿ ಅರ್ಧ ಅಂಕ ಹೆಚ್ಚಿದರೆ ಹೆಚ್ಚು. ಅವನ ಅಪ್ಪ ದುಬಾರಿ ಡಬ್ಬಿಗೆ ಹಾಕುವ ದುಡ್ಡನ್ನು ಅಭ್ಯಾಸದ ಪೆಲ್ಲೆಟ್ಟಿಗೆ ಹಾಕಲಿ.

ಮೊದಲು ಕಾಗದ ನೋಡಿ

ಮಳೆಗಾಲದಲ್ಲಿ ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆ ಮನೆಯೊಳಗೆ ಇಟ್ಟ ಉಪ್ಪು ನೀರಾಗುತ್ತದೆ, ಚರ್ಮದ ಚಪ್ಪಲಿಗೆ ಬೂಷ್ಟು ಬರುತ್ತದೆ. ಟಾರ್ಗೆಟ್ ಕಾಗದ ಮಾತ್ರ ಹೇಗೆ ಗರಿಗರಿಯಾಗಿ ಉಳಿದೀತು? ಚಪ್ಪಟೆ ತಲೆಯ ಪೆಲ್ಲೆಟ್ ಒಣ ಕಾಗದವನ್ನು ಪಂಚಿಂಗ್ ಮೆಷಿನ್ ತರ ಕತ್ತರಿಸುತ್ತದೆ, ತೇವದ ಕಾಗದವನ್ನು ಹರಿಯುತ್ತದೆ. ಹರಿದ ಅಂಚು ಅರ್ಧ ಮಿ.ಮೀ. ಎಳೆದುಕೊಂಡರೂ ಸಾಕು, 0.8 ಮಿ.ಮೀ. ಗ್ರೂಪ್ 1.3 ಅಂತ ಅಳತೆಗೆ ಸಿಗುತ್ತದೆ. ಪೆಲ್ಲೆಟ್ ಏನೂ ಮಾಡಿಲ್ಲ.

ಗುರುತು ಸುಲಭ. ಹೊಸ ಕಾಗದಕ್ಕೆ ಒಂದೇ ಒಂದು ಗುಂಡು ಹೊಡೆದು ತೂತು ನೋಡಿ. ಅಂಚು ಚೊಕ್ಕವಾಗಿ ದುಂಡಗಿದ್ದರೆ ಕಾಗದ ಸರಿ. ನಕ್ಷತ್ರದ ಹಾಗೆ ಸೀಳಿದ್ದರೆ, ಹಿಂದೆ ನಾರು ನೇತಾಡುತ್ತಿದ್ದರೆ, ಆ ಕಟ್ಟಿನ ಕಾಗದದಲ್ಲಿ ಮಾಡಿದ ಪರೀಕ್ಷೆ ಪೂರ್ತಿ ರದ್ದು. ಕಾಗದವನ್ನು ರಬ್ಬರ್ ಮುಚ್ಚಳದ ಬಿಗಿ ಡಬ್ಬಿಯಲ್ಲಿ ಸಿಲಿಕಾ ಜೆಲ್ ಚೀಲದ ಜೊತೆ ಇಡಿ. ಹರಳು ಬಣ್ಣ ತಿರುಗಿದ ಮೇಲೆ ಅದನ್ನು ಬಾಣಲೆಯಲ್ಲಿ ಸಣ್ಣ ಉರಿಗೆ ಒಣಗಿಸಬೇಕು, ಆ ಬಾಣಲೆ ಮತ್ತೆ ಅಡಿಗೆಗೆ ಬೇಡ. ಅಕ್ಕಿ ಹಾಕಿಡುವುದರಿಂದ ಆಗುವುದು ಅಷ್ಟಕ್ಕಷ್ಟೆ. ಹೊಡೆಯುವಾಗ ಟಾರ್ಗೆಟ್ ಹಿಂದೆ ಒಂದು ಒಣ ದಪ್ಪ ಕಾರ್ಡು ಒತ್ತಿ ಕೂರಿಸಿದರೆ ತೂತು ಇನ್ನೂ ಚೊಕ್ಕ.

ಅಳೆಯುವಾಗ ಇನ್ನೊಂದು ತಪ್ಪು ನಡೆಯುತ್ತದೆ. ಗ್ರೂಪಿನ ಹೊರ ಅಂಚಿನಿಂದ ಹೊರ ಅಂಚಿಗೆ ವರ್ನಿಯರ್ ಹಿಡಿದು ಅದರಲ್ಲಿ 4.5 ಕಳೆಯುವುದು. ಕಾಗದ ಹಿಂದಕ್ಕೆ ಕುಗ್ಗುವುದರಿಂದ ಒಂಟಿ ತೂತು ಅನೇಕ ಸಲ 4.5ಕ್ಕಿಂತ ಸಣ್ಣದೇ ಇರುತ್ತದೆ. ಅದೇ ಹಾಳೆಯ ಒಂಟಿ ತೂತನ್ನು ಅಳೆದು, ಬಂದ ಅಂಕೆಯನ್ನೇ ಕಳೆಯಿರಿ.

ಐದು ಗುಂಡು ಹೇಳುವ ಸುಳ್ಳು

ಪರೀಕ್ಷೆಗಳು ಹೆಚ್ಚಾಗಿ ಕೆಡುವುದು ಇಲ್ಲಿ. ರೈಫಲ್, ಪೆಲ್ಲೆಟ್, ಗಾಳಿ ಯಾವುದೂ ಬದಲಾಗದಿದ್ದರೂ ಐದು ಗುಂಡಿನ ಗ್ರೂಪಿನ ಅಳತೆ ಸರಾಸರಿಯ ಸುತ್ತ ಸುಮಾರು 27 ಶೇಕಡದಷ್ಟು ಓಲಾಡುತ್ತದೆ. ಸರಾಸರಿ 1.0 ಮಿ.ಮೀ. ಕೊಡುವ ಡಬ್ಬಿ ಒಮ್ಮೆ 0.6, ಇನ್ನೊಮ್ಮೆ 1.5 ಕೊಟ್ಟರೆ ಎರಡೂ ಸಹಜ. ಮೂರು ಗುಂಡಿನ ಗ್ರೂಪ್ ಇನ್ನೂ ದೊಡ್ಡ ಸುಳ್ಳುಗಾರ, 37 ಶೇಕಡ. ಹತ್ತು ಗುಂಡಿಗೆ ಹೋದರೆ ಓಲಾಟ 20 ಶೇಕಡಕ್ಕೆ ಇಳಿಯುತ್ತದೆ.

ಒಬ್ಬರ 5 ಗುಂಡಿನ ಗ್ರೂಪನ್ನು ಇನ್ನೊಬ್ಬರ 10 ಗುಂಡಿನ ಗ್ರೂಪಿಗೆ ಹೋಲಿಸುವ ಅಭ್ಯಾಸವೂ ಇದೆ. ಗುಂಡು ಹೆಚ್ಚಿದಂತೆ ಗ್ರೂಪ್ ದೊಡ್ಡದಾಗಲೇಬೇಕು. ಅದೇ ರೈಫಲ್, ಅದೇ ಡಬ್ಬಿಯಲ್ಲಿ 10 ಗುಂಡಿನ ಗ್ರೂಪ್ 5 ಗುಂಡಿನದಕ್ಕಿಂತ ಕಾಲು ಭಾಗ ದೊಡ್ಡದಿರುವುದು ಲೆಕ್ಕದ ಪ್ರಕಾರವೇ ಸರಿ.

ಇದರಿಂದ ಹುಟ್ಟುವ ಮೋಸ ಹೀಗೆ. ಹತ್ತು ಲಾಟ್ ತಂದಿದ್ದೀರಿ, ನಿಜಕ್ಕೂ ಹತ್ತೂ ಒಂದೇ ಗುಣದವು, ಎಲ್ಲವೂ ಸರಾಸರಿ 1.2 ಮಿ.ಮೀ. ಒಂದೊಂದಕ್ಕೆ ಒಂದೊಂದೇ ಐದರ ಗ್ರೂಪ್ ಹೊಡೆದರೆ ಅತ್ಯುತ್ತಮ ಲಾಟ್ ಸುಮಾರು 0.7 ತೋರಿಸುತ್ತದೆ, ಅತಿ ಕೆಟ್ಟದ್ದು 1.7. ಬರಿಯ ಚೀಟಿ ಎತ್ತಿದ ಹಾಗೆ ಬಂದ 0.7 ನಂಬಿ ಹತ್ತು ಡಬ್ಬಿ ಕೊಂಡರೆ ಮನೆಗೆ ಬರುವುದು 1.2ರ ಪೆಲ್ಲೆಟ್ಟೇ. ಆಗ "ಅಂಗಡಿಯವರು ಬೇರೆ ಲಾಟ್ ಕಳಿಸಿದರು" ಅನ್ನುವ ಜಗಳ.

ನಿಮ್ಮ ಪರೀಕ್ಷೆಯ ಓಲಾಟ ಎಷ್ಟು ಅಂತ ಕಂಡುಕೊಳ್ಳಲು ಒಂದು ಉಪಾಯ ಇದೆ. ಒಂದೇ ಡಬ್ಬಿಯ ಪೆಲ್ಲೆಟ್ಟನ್ನು ಎರಡು ಖಾಲಿ ಡಬ್ಬಿಗೆ ಹಂಚಿ 'ಅ', 'ಆ' ಅಂತ ಚೀಟಿ ಅಂಟಿಸಿ, ಹೊಡೆಯುವವರಿಗೆ ಹೇಳದೆ ಎರಡು ಲಾಟ್ ಅಂತಲೇ ಪರೀಕ್ಷೆ ಮಾಡಿಸಿ. 'ಅ' ಮತ್ತು 'ಆ' ನಡುವೆ ಎಷ್ಟು ವ್ಯತ್ಯಾಸ ಕಂಡಿತೋ ಅಷ್ಟು ನಿಮ್ಮ ಪರೀಕ್ಷೆಯದೇ ಓಲಾಟ. ಮುಂದೆ ಎರಡು ನಿಜವಾದ ಲಾಟ್‌ಗಳ ನಡುವೆ ಅದಕ್ಕಿಂತ ಕಡಿಮೆ ವ್ಯತ್ಯಾಸ ಬಂದರೆ ಅದಕ್ಕೆ ಬೆಲೆ ಇಲ್ಲ.

ಮಾಡಬೇಕಾದ ಕ್ರಮ: ಮೊದಲ ಸುತ್ತಿನಲ್ಲಿ ಲಾಟ್‌ಗೆ ಎರಡು ಐದರ ಗ್ರೂಪ್, ಇದು ತೀರಾ ಕೆಟ್ಟದ್ದನ್ನು ತೆಗೆದುಹಾಕಲು ಮಾತ್ರ. ಉಳಿದ ಮೂರಕ್ಕೆ ಎರಡನೆಯ ಸುತ್ತಿನಲ್ಲಿ ನಾಲ್ಕು ನಾಲ್ಕು ಐದರ ಗ್ರೂಪ್. ಆಗ ಸರಾಸರಿಯ ಓಲಾಟ 13–14 ಶೇಕಡಕ್ಕೆ ಬರುತ್ತದೆ. ಮೊದಲ ಸುತ್ತಿನ ಅಂಕೆಯನ್ನು ಎರಡನೆಯದರ ಜೊತೆ ಸೇರಿಸಬೇಡಿ. ಗೆದ್ದದ್ದಕ್ಕೇ ಅದು ಆಯ್ಕೆಯಾಗಿರುವುದರಿಂದ ಆ ಅಂಕೆ ಅದೃಷ್ಟದ ಕಡೆ ವಾಲಿರುತ್ತದೆ. ಹೊಡೆಯುವ ಸರದಿ 1-2-3, 3-2-1 ಅಂತ ತಿರುಗಿಸಿ. ಇಲ್ಲದಿದ್ದರೆ ಸಂಜೆ ಹೊತ್ತಿಗೆ ಇಳಿದ ಗಾಳಿಯ ಒತ್ತಡದ ಶಿಕ್ಷೆ ಮೂರನೆಯ ಲಾಟ್ ತಲೆಗೆ ಕಟ್ಟುತ್ತದೆ. ಪೆಲ್ಲೆಟ್ ಬದಲಿಸಿದಾಗಲೆಲ್ಲ ಮೊದಲ ಹತ್ತು ಗುಂಡು ಲೆಕ್ಕಕ್ಕಿಲ್ಲ, ಬ್ಯಾರಲಿನೊಳಗೆ ಹಿಂದಿನ ಪೆಲ್ಲೆಟ್ಟಿನ ಸೀಸ ಮತ್ತು ಎಣ್ಣೆಯ ಲೇಪ ಇನ್ನೂ ಇರುತ್ತದೆ.

ಗ್ರೂಪಿನ ಆಕಾರ

ಗುಂಡು ಬಿದ್ದ ಕ್ರಮ ಗೊತ್ತಿಲ್ಲದೆ ಆಕಾರ ಓದಲು ಆಗುವುದಿಲ್ಲ. ದುರ್ಬೀನಿನಲ್ಲಿ ನೋಡುತ್ತಾ ಒಬ್ಬರು ಪುಸ್ತಕದಲ್ಲಿ 1, 2, 3 ಅಂತ ಗುರುತು ಹಾಕುತ್ತಾ ಹೋಗಲಿ. ಎಲೆಕ್ಟ್ರಾನಿಕ್ ಟಾರ್ಗೆಟ್ ಇದ್ದರೆ ಅದೇ ಕೊಡುತ್ತದೆ.

ಗ್ರೂಪ್ ಮೇಲೆ ಕೆಳಗೆ ಉದ್ದವಾದರೆ ಎಲ್ಲರೂ ವೇಗವನ್ನು ದೂರುತ್ತಾರೆ. ಎಷ್ಟರ ಮಟ್ಟಿಗೆ ಅಂತ ಲೆಕ್ಕ ಹಾಕಿ. 170 ಮೀ/ಸೆ. ವೇಗದಲ್ಲಿ ಹೊರಟ ಪೆಲ್ಲೆಟ್ 10 ಮೀಟರ್ ತಲುಪಲು ಸುಮಾರು 0.06 ಸೆಕೆಂಡ್ ತೆಗೆದುಕೊಂಡು 18 ಮಿ.ಮೀ. ಇಳಿಯುತ್ತದೆ. ವೇಗ 1 ಮೀ/ಸೆ. ಕಡಿಮೆಯಾದರೆ ಇಳಿತ 0.2 ಮಿ.ಮೀ. ಹೆಚ್ಚು. ಅಂದರೆ 3 ಮಿ.ಮೀ. ಉದ್ದದ ಗ್ರೂಪಿಗೆ ವೇಗವೊಂದೇ ಕಾರಣ ಆಗಬೇಕಾದರೆ ಗುಂಡಿನಿಂದ ಗುಂಡಿಗೆ 14–15 ಮೀ/ಸೆ. ವ್ಯತ್ಯಾಸ ಬೇಕು. ಕ್ರೋನೋಗ್ರಾಫ್ (ಗುಂಡಿನ ವೇಗ ಅಳೆಯುವ ಯಂತ್ರ) 4 ಮೀ/ಸೆ. ತೋರಿಸುತ್ತಿದ್ದರೆ ಅದರ ಪಾಲು 0.8 ಮಿ.ಮೀ. ಮಾತ್ರ, ಉಳಿದದ್ದು ಕೆನ್ನೆಯ ಒತ್ತಡ, ಮರಳು ಚೀಲ, ಇಲ್ಲವೇ ಸಡಿಲ ಸ್ಕ್ರೂ.

ಒಂದೊಂದು ಗುಂಡೂ ಹಿಂದಿನದಕ್ಕಿಂತ ಸ್ವಲ್ಪ ಕೆಳಗೆ, ಮೆಟ್ಟಿಲು ಇಳಿದ ಹಾಗೆ ಬಂದರೆ ಸಿಲಿಂಡರಿನ ಗಾಳಿ ಮುಗಿಯುತ್ತಿದೆ.

ಅಡ್ಡಕ್ಕೆ ಹರಡಿದರೆ ಟ್ರಿಗರ್ ಎಳೆತ, ರೈಫಲ್ ಓರೆಯಾಗುವುದು, ಅಥವಾ ಫ್ಯಾನು. ಹತ್ತು ಮೀಟರಿಗೆ ಫ್ಯಾನಿನ ಗಾಳಿ ಏನು ಮಾಡೀತು ಅನ್ನುವವರಿಗೆ: ಹಗುರ, ಚಪ್ಪಟೆ ತಲೆಯ ಪೆಲ್ಲೆಟ್ ಗಾಳಿಗೆ ಬೇಗ ವೇಗ ಕಳೆದುಕೊಳ್ಳುತ್ತದೆ. ದಾರಿಯುದ್ದಕ್ಕೂ 1 ಮೀ/ಸೆ. ಅಡ್ಡಗಾಳಿ ಇದ್ದರೆ ಸುಮಾರು ಒಂದೂವರೆ ಮಿ.ಮೀ. ಸರಿಯುತ್ತದೆ, ಅಂದರೆ 0.6 ಅಂಕ. ತೆರೆದ ಜಗಲಿಯಲ್ಲಿ ರೇಂಜ್ ಮಾಡಿಕೊಂಡವರು ಪರೀಕ್ಷೆಯ ಹೊತ್ತಿಗೆ ಎರಡೂ ಬದಿಗೆ ತಾಡಪಾಲು ಇಳಿಬಿಡಿ.

ಎರಡು ಪ್ರತ್ಯೇಕ ಗುಂಪು ಬಿದ್ದರೆ ಕ್ರಮ ನೋಡಿ. ಮೊದಲ ಆರು ಒಂದು ಕಡೆ, ಮುಂದಿನ ನಾಲ್ಕು ಇನ್ನೊಂದು ಕಡೆ ಅಂದರೆ ಏನೋ ಸರಿದಿದೆ: ಹಿಂದಿನ ಸೈಟ್ (ಗುರಿ ನೋಡುವ ಕಿಂಡಿ), ಬ್ಯಾರಲ್ ಹಿಡಿದ ಸ್ಕ್ರೂ, ಅಥವಾ ಸ್ಟಾಕಿನ, ಅಂದರೆ ಹೆಗಲಿಗೆ ಒರಗಿಸಿ ಹಿಡಿಯುವ ಭಾಗದ, ಸ್ಕ್ರೂ. ಮರದ ಸ್ಟಾಕ್ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ, ಹಳೆ ಮನೆಯ ಬಾಗಿಲಿನ ಹಾಗೆಯೇ. ಹಾಗಾಗಿ ವರ್ಷಕ್ಕೆ ಎರಡು ಸಲ ಕೈಪಿಡಿ ಹೇಳಿದ ಬಿಗಿತಕ್ಕೆ ಟಾರ್ಕ್ ಕೀಲಿಯಿಂದ ಬಿಗಿಯಬೇಕು. ಗುಂಡುಗಳು ಎರಡು ಗುಂಪಿನ ನಡುವೆ ಅತ್ತಿತ್ತ ಹಾರುತ್ತಿದ್ದರೆ ಮಾತ್ರ ಪೆಲ್ಲೆಟ್ ಮೇಲೆ ಅನುಮಾನ, ಡಬ್ಬಿಯಲ್ಲಿ ಎರಡು ಅಚ್ಚಿನ ಮಾಲು ಸೇರಿರಬಹುದು.

ಒಂಬತ್ತು ಒಟ್ಟಿಗೆ, ಒಂದು ದೂರ. ಇದನ್ನು "ಫ್ಲೈಯರ್, ನನ್ನ ತಪ್ಪು" ಅಂತ ಅಳಿಸಿಹಾಕುವುದು ಪರೀಕ್ಷೆ ಹಾಳಾಗುವ ಸಲೀಸು ದಾರಿ. ಹೊಡೆದ ತಕ್ಷಣ, ತೂತು ನೋಡುವ ಮೊದಲೇ "ಕೈ ತಪ್ಪಿತು" ಅಂದಿದ್ದರೆ ಮಾತ್ರ ಬಿಡಿ. ನೋಡಿದ ಮೇಲೆ ನೆನಪಾದ ತಪ್ಪಿಗೆ ಮಾನ್ಯತೆ ಇಲ್ಲ. 50 ಗುಂಡಿಗೆ ಎರಡು ಮೂರು ಹೀಗೆ ಹಾರುತ್ತಿದ್ದರೆ ಪೆಲ್ಲೆಟ್ಟಿನ ಹಿಂಬದಿಯ ಲಂಗ (ಹಿಂದೆ ಅಗಲವಾಗಿ ಚಾಚಿದ ಟೊಳ್ಳು ತುದಿ) ನೋಡಿ. ಡಬ್ಬಿ ಬಿದ್ದು ಲಂಗ ಅಂಡಾಕಾರ ಆಗಿರುವುದು ಬಹಳ ಸಾಮಾನ್ಯ.

ಹಿಡಿತ

ಬ್ಯಾರಲ್ ಭಾಗವನ್ನು ವೈಸಿಗೆ (ಬಿಗಿಹಿಡಿಯುವ ಕಬ್ಬಿಣದ ಇಕ್ಕಳಕ್ಕೆ) ಕಟ್ಟಿ ಹೊಡೆಯುವುದೇ ಉತ್ತಮ. ವೈಸ್ ಕೂರುವ ಜಾಗ ನೆಲಕ್ಕೆ ಹತ್ತಿದ ಕಾಂಕ್ರೀಟ್ ಕಟ್ಟೆಯಾಗಿರಲಿ. ಅಟ್ಟದ ಹಲಗೆಯ ಮೇಲೆ ಇಟ್ಟರೆ ಯಾರೋ ಮೆಟ್ಟಿಲು ಹತ್ತಿದ್ದೂ ಟಾರ್ಗೆಟ್ಟಿನಲ್ಲಿ ಬರೆಯುತ್ತದೆ. ವೈಸ್ ಇಲ್ಲದೆ ಮರಳು ಚೀಲವೇ ಗತಿ ಅಂದರೆ, ಚೀಲ ತಾಗುವ ಜಾಗಕ್ಕೆ ಸ್ಟಾಕಿನ ಮೇಲೆ ಟೇಪಿನ ಗುರುತು ಹಾಕಿ ಪ್ರತಿ ಸಲ ಅಲ್ಲೇ ಕೂರಿಸಿ. ಹಿಡಿದು ಹೊಡೆದ ಗ್ರೂಪಿನಿಂದ ಎರಡು ಒಳ್ಳೆಯ ಲಾಟ್‌ಗಳ ನಡುವೆ ಆರಿಸಲು ಆಗುವುದಿಲ್ಲ.

ಕ್ರೋನೋಗ್ರಾಫ್ ಅಂಕೆ

ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಬಲ್ಬಿನ ಬೆಳಕು ಸೆಕೆಂಡಿಗೆ 100 ಸಲ ಮಿಡಿಯುತ್ತದೆ. ಬೆಳಕಿನ ಸಂವೇದಕದ ಕ್ರೋನೋಗ್ರಾಫ್ ಆ ಮಿಡಿತವನ್ನೇ ಪೆಲ್ಲೆಟ್ ಅಂತ ಓದಿ 230, 95 ಅಂತೆಲ್ಲ ತೋರಿಸುತ್ತದೆ. ಬ್ಯಾಟರಿಯಿಂದ ಉರಿಯುವ ದೀಪ ಬಳಸಿ. ಅಂಕೆ ನಂಬಬಹುದೇ ಅಂತ ನೋಡಲು: 0.53 ಗ್ರಾಂ ಪೆಲ್ಲೆಟ್ 170 ಮೀ/ಸೆ. ಹೋದರೆ ಶಕ್ತಿ 7.7 ಜೂಲ್, ಮ್ಯಾಚ್ ರೈಫಲ್‌ಗಳು ಇದರ ಸುತ್ತಮುತ್ತಲೇ ಇರುತ್ತವೆ.

ಐದು ಗುಂಡಿನಿಂದ ತೆಗೆದ ಸ್ಟ್ಯಾಂಡರ್ಡ್ ಡೀವಿಯೇಷನ್ (ವೇಗದ ಚದುರುವಿಕೆಯ ಅಳತೆ) ಮೇಲೆ ವಾದ ಮಾಡುವವರನ್ನು ಕಂಡರೆ ನಗು ಬರುತ್ತದೆ. ಐದಕ್ಕೆ 1.0 ಮೀ/ಸೆ. ಬಂದಿದ್ದರೆ ನಿಜವಾದದ್ದು 0.6ರಿಂದ 2.9ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಹತ್ತಕ್ಕಾದರೆ 0.7ರಿಂದ 1.8. ಮೂವತ್ತು ಗುಂಡು ಹೊಡೆದ ಮೇಲೆ ಮಾತಾಡಿ.

ಪೆಲ್ಲೆಟ್ ತೂಗಿ ಬೇರ್ಪಡಿಸುವ ಚಟಕ್ಕೂ ಇದೇ ಮದ್ದು. 0.01 ಗ್ರಾಂ ವ್ಯತ್ಯಾಸಕ್ಕೆ ವೇಗ ಸುಮಾರು 1.6 ಮೀ/ಸೆ. ಬದಲಾಗಿ ಟಾರ್ಗೆಟ್ಟಿನಲ್ಲಿ 0.3 ಮಿ.ಮೀ. ಆಗುತ್ತದೆ. ಒಳ್ಳೆಯ ಡಬ್ಬಿಯಲ್ಲಿ ವ್ಯತ್ಯಾಸ ಅಷ್ಟೂ ಇರುವುದಿಲ್ಲ. 10 ಮಿ.ಗ್ರಾಂ ಹೆಜ್ಜೆಯ ತಕ್ಕಡಿಗೆ ಅದು ಕಾಣುವುದೂ ಇಲ್ಲ.

ಗಾಳಿ, ನೀರು, ರೆಗ್ಯುಲೇಟರ್

ಮಲೆನಾಡಿನವರು ನಿಂತು ಓದಬೇಕಾದ್ದು ಇದು. ಜಡಿ ಮಳೆಯ ದಿನ 22 ಡಿಗ್ರಿಯಲ್ಲಿ ತೇವ ತುಂಬಿದ ಒಂದು ಘನ ಮೀಟರ್ ಗಾಳಿಯಲ್ಲಿ 19 ಗ್ರಾಂ ನೀರಿರುತ್ತದೆ. 0.2 ಲೀಟರ್ ಸಿಲಿಂಡರನ್ನು 200 ಬಾರ್ ಒತ್ತಡಕ್ಕೆ ತುಂಬಿಸಲು 40 ಲೀಟರ್ ಗಾಳಿ ಬೇಕು. ಅದರ ಜೊತೆ ಬರುವ ನೀರು ಮುಕ್ಕಾಲು ಗ್ರಾಂ, ಸುಮಾರು ಹದಿನೈದು ಹನಿ. ಒತ್ತಿದ ಗಾಳಿ ಅಷ್ಟು ಆವಿಯನ್ನು ಹಿಡಿದಿಟ್ಟುಕೊಳ್ಳಲಾರದು. ಕೈಪಂಪಿನಲ್ಲಿ ಸ್ವಲ್ಪ ಉಳಿದು ಹೊರಹೋದರೂ ಮಿಕ್ಕದ್ದು ಸಿಲಿಂಡರಿಗೇ ಇಳಿಯುತ್ತದೆ. ಅಲ್ಲಿಂದ ತುಕ್ಕಿನ ಪುಡಿ ರೆಗ್ಯುಲೇಟರ್ (ಪ್ರತಿ ಗುಂಡಿಗೂ ಒಂದೇ ಒತ್ತಡದ ಗಾಳಿ ಬಿಡುವ ಕವಾಟ) ಸೀಟಿಗೆ, ಅಂದರೆ ಆ ಕವಾಟ ಕೂರುವ ಅಂಚಿಗೆ, ಆಮೇಲೆ ಕಾರಣ ಗೊತ್ತಾಗದ ವೇಗದ ಏರಿಳಿತ. ಮಾಘದ ಒಣ ಮಧ್ಯಾಹ್ನ ತುಂಬಿಸಿದರೆ ಬರುವ ನೀರು ಇದರ ಅರ್ಧದಷ್ಟು. ಮಳೆಗಾಲದಲ್ಲಿ ಒಣಗಿಸುವ ಫಿಲ್ಟರ್ ಇಲ್ಲದೆ ಪಂಪ್ ಹೊಡೆಯಬೇಡಿ. 50 ಸಲ ಪಂಪ್ ಒತ್ತಿ ನಿಲ್ಲಿಸಿ, ಪಂಪ್ ತಣಿದ ಮೇಲೆ ಬ್ಲೀಡ್ ಸ್ಕ್ರೂ ಬಿಚ್ಚಿ ನೀರು ಹೊರಬಿಟ್ಟು ಮುಂದುವರಿಸಿ. ಸ್ಕೂಬಾ ಸಿಲಿಂಡರಿನ ಒಣಗಾಳಿ ಸಿಕ್ಕಿದರೆ ಅದೇ ಒಳ್ಳೆಯದು.

ವೆಲ್ಡಿಂಗ್ ಅಂಗಡಿಯ ಆಮ್ಲಜನಕವನ್ನು ಯಾವ ಕಾರಣಕ್ಕೂ ತುಂಬಿಸಬಾರದು, ಗ್ರೀಸ್ ತಾಗಿದರೆ ಸ್ಫೋಟ. ಸಿಲಿಂಡರಿನ ಬಾಯಿಗೆ ಸಾಮಾನ್ಯ ಎಣ್ಣೆ, ಗ್ರೀಸ್ ಹಚ್ಚಬಾರದು. ಅದರ ಮೇಲೆ ಅಚ್ಚಾದ ಅವಧಿ ಮುಗಿದಿದ್ದರೆ ಪಂದ್ಯದಲ್ಲೂ ಒಪ್ಪುವುದಿಲ್ಲ, ಮನೆಯಲ್ಲೂ ಬಳಸಬಾರದು.

ರೆಗ್ಯುಲೇಟರ್ ಪರೀಕ್ಷೆ: ಐದು ಗುಂಡು ಸಮ ವೇಗದಲ್ಲಿ ಹೊಡೆದು, ರೈಫಲನ್ನು 15 ನಿಮಿಷ ಹಾಗೇ ಬಿಡಿ. ಆಮೇಲೆ ಒಂದು ಹೊಡೆದು ವೇಗ ಬರೆದುಕೊಳ್ಳಿ. ಹೀಗೆ ಐದು ಸಲ. ಬಿಟ್ಟು ಹೊಡೆದ ಮೊದಲ ಗುಂಡು ಪ್ರತಿ ಸಲ ಒಂದೇ ದಿಕ್ಕಿಗೆ, ಮಿಕ್ಕವಕ್ಕಿಂತ 4–5 ಮೀ/ಸೆ. ಬೇರೆ ಬಂದರೆ ಸೀಟ್ ಸೋರಿ ಒಳಗಿನ ಒತ್ತಡ ನಿಧಾನ ಏರುತ್ತಿದೆ. ಇದು ಮನೆಯಲ್ಲಿ ಬಿಚ್ಚುವ ಕೆಲಸವಲ್ಲ. ಒಮ್ಮೆ ಹಾಗೆ, ಒಮ್ಮೆ ಹೀಗೆ ಬಂದರೆ ಅದು ರೆಗ್ಯುಲೇಟರ್ ಅಲ್ಲ. ಪರೀಕ್ಷೆಯ ದಿನ ಗೇಜ್ 80 ಬಾರ್‌ಗೆ ಬರುವ ಮುಂಚೆ ಮತ್ತೆ ತುಂಬಿಸಿಕೊಳ್ಳಿ.

ಬ್ಯಾರಲ್

ಮೊದಲು ಗಾಳಿ ತೆಗೆದು, ಗುಂಡಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಮೂತಿಯ ಅಂಚಿನ ಸುತ್ತ ಇಯರ್ ಬಡ್ ಹತ್ತಿಯನ್ನು ಒಳಗಿಂದ ಹೊರಕ್ಕೆ ಎಳೆಯಿರಿ. ಎಳೆ ಸಿಕ್ಕಿಕೊಂಡ ಜಾಗದಲ್ಲಿ ಅಂಚು ಎದ್ದಿದೆ. ಮೂತಿಯ ಮುಂದಿನ ಏರ್ ಸ್ಟ್ರಿಪ್ಪರ್ (ಗುಂಡಿನ ಹಿಂದೆ ನುಗ್ಗುವ ಗಾಳಿಯನ್ನು ಬದಿಗೆ ಸರಿಸುವ ತುಂಡು) ಒಳಗೆ ಒಂದೇ ಬದಿಗೆ ಸೀಸದ ಗೀರು ಇದ್ದರೆ ಪೆಲ್ಲೆಟ್ ಅದಕ್ಕೆ ಸವರಿಕೊಂಡು ಹೋಗುತ್ತಿದೆ. ಎಷ್ಟು ಲಾಟ್ ಬದಲಿಸಿದರೂ ಇದು ಹೋಗುವುದಿಲ್ಲ.

ಶುದ್ಧ ಮಾಡುವುದು ಹಿಂದಿನಿಂದ, ಫೆಲ್ಟ್ ಉಂಡೆಯಿಂದ. ಒಂದಕ್ಕೆ ಒಂದು ಹನಿ ಬ್ಯಾರಲ್ ಎಣ್ಣೆ, ಆಮೇಲೆ ಕಪ್ಪು ನಿಲ್ಲುವವರೆಗೆ ಒಣ ಉಂಡೆ. ಶುದ್ಧ ಮಾಡಿದ ಕೂಡಲೇ ಗ್ರೂಪ್ ಹಿಗ್ಗುವುದು ಸಹಜ, 20–30 ಗುಂಡು ಹೋದ ಮೇಲೆ ಕೂರುತ್ತದೆ. ಇದನ್ನು ತಿಳಿಯದೆ ಶುದ್ಧ ಮಾಡಿದ ದಿನವೇ ಲಾಟ್ ಪರೀಕ್ಷೆ ಮಾಡಿದರೆ ಮೊದಲು ಹೊಡೆದ ಲಾಟ್ ಸೋಲುತ್ತದೆ.

ಕೊನೆಗೆ ಪೆಲ್ಲೆಟ್

ತಲೆ ಅಳತೆ 4.49, 4.50, 4.51 ಅಂತ ಡಬ್ಬಿಯ ಮೇಲಿರುತ್ತದೆ. ನೂರರಲ್ಲೊಂದು ಮಿ.ಮೀ. ವ್ಯತ್ಯಾಸ ಮುಖ್ಯವೇ ಅಂದರೆ, ಕೆಲವು ಬ್ಯಾರಲ್‌ಗೆ ಹೌದು, ಕೆಲವಕ್ಕೆ ಏನೂ ಇಲ್ಲ. ಗಾಳಿ ತೆಗೆದ ರೈಫಲಿನ ಬ್ಯಾರಲಿಗೆ ಪೆಲ್ಲೆಟ್ ಒಂದನ್ನು ಮೆಲ್ಲಗೆ ನೂಕಿ ಹೊರತೆಗೆದು ಭೂತಗನ್ನಡಿಯಲ್ಲಿ ತಲೆ ನೋಡಿ. ಸುತ್ತಲೂ ಸಮನಾಗಿ ತಿಳಿ ಗೀರುಗಳಿದ್ದರೆ ಸರಿ, ಒಂದು ಬದಿ ಗೀರೇ ಇಲ್ಲದಿದ್ದರೆ ಸಡಿಲ.

ಹಳೆ ಡಬ್ಬಿಯ ಪೆಲ್ಲೆಟ್ ಮೇಲೆ ಬಿಳಿ ಪುಡಿ ಕಂಡರೆ ಸೀಸ ತೇವಕ್ಕೆ ಕೆಟ್ಟಿದೆ. ಮರದ ಪೆಟ್ಟಿಗೆ, ಮರದ ಕಪಾಟು ಇದಕ್ಕೆ ಕೆಟ್ಟ ಜಾಗ, ಮರದಿಂದ ಹೊರಡುವ ಹುಳಿ ಆವಿ ತೇವದ ಜೊತೆ ಸೇರಿ ಸೀಸವನ್ನು ತಿನ್ನುತ್ತದೆ. ಲೋಹದ ಡಬ್ಬಿಗೆ ಟೇಪ್ ಸುತ್ತಿ, ಸಿಲಿಕಾ ಜೆಲ್ ಇರುವ ಪ್ಲಾಸ್ಟಿಕ್ ಡಬ್ಬದಲ್ಲಿಡಿ. ಪುಡಿ ಹಿಡಿದದ್ದನ್ನು ತೊಳೆದು ಉಳಿಸುವ ಪ್ರಯತ್ನ ಬೇಡ. ಆ ಪುಡಿ ವಿಷ, ಕೈ ಸೋಪು ಹಾಕಿ ತೊಳೆಯದೆ ಎಲೆ ಅಡಿಕೆಗೂ ಕೈ ಹಾಕಬಾರದು.

ಇಷ್ಟೆಲ್ಲ ಆಗಿ ಒಂದು ಲಾಟ್ ನಿಜಕ್ಕೂ ಮುಂದಿದೆ ಅಂತ ಕಂಡರೆ, ಒಂದು ಸೀಸನ್‌ಗೆ ಬೇಕಾದಷ್ಟನ್ನು ಒಂದೇ ಸಲ ತರಿಸಿಕೊಳ್ಳಿ, ಲಾಟ್ ಮುಗಿದರೆ ಅದೇ ಅಂಕೆಯ ಡಬ್ಬಿ ಮತ್ತೆ ಸಿಗುವುದಿಲ್ಲ. ಮುಚ್ಚಳದ ಒಳಬದಿಗೆ ಲಾಟ್ ಅಂಕೆ, ಪರೀಕ್ಷೆಯ ತಾರೀಕು, ಎಷ್ಟು ಗುಂಡಿನ ಎಷ್ಟು ಗ್ರೂಪ್, ಸರಾಸರಿ ಅಳತೆ, ವೇಗ, ಆ ದಿನ ಮಳೆಯೋ ಬಿಸಿಲೋ, ಇಷ್ಟನ್ನು ಬರೆದಿಡಿ. ಪುಷ್ಯ ಮಳೆಯಲ್ಲಿ ಗ್ರೂಪ್ ಮತ್ತೆ ಚದುರಿದರೆ ಹೊಸ ಡಬ್ಬಿ ಒಡೆಯುವ ಮೊದಲು ಈ ಬರಹದ ಪಕ್ಕ ಒಣ ಕಾಗದದಲ್ಲಿ ಹೊಡೆದ ನಾಲ್ಕು ಗ್ರೂಪ್ ಇಟ್ಟು ನೋಡಿ.